ಬೋಳು ಮರದ ಬಿಸಿಲೂಟ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಮರಕ್ಕೆ ನೀರು ಹಾಕುವವರು ಸಿಗುತ್ತಾರೆ. ಮರದ ಬೆನ್ನುಜ್ಜಿ, ಸ್ನಾನ ಮಾಡಿಸಿ, ಟವೆಲಿನಿಂದ ಒರೆಸುವವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರಮಾವ!

ವಿಜಯಪುರದಿಂದ ಬಂದ ಮಾಮಾ ಇಲ್ಲಿನ ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದರು. ಗಾಜಿನ ನಳಿಕೆ ತೊಳೆಯುತ್ತಲೇ ಪ್ರೊಫೆಸರುಗಳ ಪಾಠವನ್ನೆಲ್ಲ ಕದ್ದು ಕೇಳಿದ್ದರು. ನಿವೃತ್ತಿಯಾದ ಮೇಲೆ ಅದನ್ನು ಯಾರಿಗಾದರೂ ಒಪ್ಪಿಸಬೇಕಲ್ಲ? ಅವರ ಮನೆಯಲ್ಲೇ ಇದ್ದು ಕೆಲಸಕ್ಕೆ ಹೋಗುವ ನಾನು, ಅತ್ತೆ, ನಮ್ಮ ಹೌಸಿಂಗ್ ಸೊಸೈಟಿಯ ಅಂಗಳದ ಸೀತಾಫಲದ ಮರ, ಮೂವರೂ ಸಿಕ್ಕಿಬಿದ್ದೆವು.

ಒಂದು ದಿನ ಆ ಮರದ ಎಲೆಯನ್ನೂ ಕೊಂಬೆಯ ಸಿಪ್ಪೆಯನ್ನೂ ಅತ್ತೆಯ ಮಿಕ್ಸರಿನಲ್ಲಿ ಸ್ಪಿರಿಟ್ ಹಾಕಿ ಬೇರೆಬೇರೆ ಅರೆದು, ಎರಡರಲ್ಲೂ ಸೋಸುವ ಕಾಗದದ ಪಟ್ಟಿ ಇಳಿಬಿಟ್ಟರು. ಎರಡು ಪಟ್ಟಿಯ ಮೇಲೂ ಹಸಿರು, ಹಳದಿ ಗೆರೆಗಳು ಏರಿದವು.

"ನೋಡಲೇ, ಎಲ್ಯಾಗಿನ ಬಣ್ಣಾನ ಸಿಪ್ಪ್ಯಾಗೂ ಐತಿ! ಕಾಂಡಾನೂ ಬಿಸಲು ಉಣ್ಣತೈತಿ."

"ಗಿಡಾ ಬಿಸಲು ಉಣ್ಣಲಿ," ಎಂದರು ಅತ್ತೆ. "ನೀವೂ ಇವತ್ತ ಅದನ್ನ ಉಣ್ರಿ. ಚಟ್ನಿ ಎದರಾಗ ಅರೀಲಿ ನಾ?"

ಧ್ವಜ ಹಾರಿಸುವ ಮುನ್ನಾದಿನ ಮರಗಳ ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿಸುವುದು ನಮ್ಮ ಸೊಸೈಟಿಯ ವಾಡಿಕೆ. ಒಂದು ವರ್ಷ ಬೆಳಿಗ್ಗೆ ನೋಡಿದರೆ ಎಲ್ಲ ಮರಗಳೂ ಯೂನಿಫಾರ್ಮಿನಲ್ಲಿ, ಸೀತಾಫಲ ಮಾತ್ರ ಬರಿಮೈಯಲ್ಲಿ! ಪಕ್ಕದಲ್ಲಿ ಸ್ಪಂಜು ಹಿಡಿದ ಮಾಮಾ. ಸೆಕ್ರೆಟರಿ ಕಿರುಚಿದರು, "ಕಾಕಾ, ಯೇ ಕ್ಯಾ ಕಿಯಾ?"

"ನಿನ್ನ ಬಾಯಿಗೆ ಸುಣ್ಣಾ ಮೆತ್ತಿದ್ರ ಹೆಂಗ ಉಣ್ತಿ?"

ಸೆಕ್ರೆಟರಿಗೆ ಕನ್ನಡ ಬಾರದಿದ್ದುದು ನಮ್ಮ ಪುಣ್ಯ! ಅಷ್ಟು ದಪ್ಪ ಸಿಪ್ಪೆಯೊಳಗೆ ಬೆಳಕು ಹೇಗೆ ಹೋದೀತು ಎಂದು ನಾನು ಕೇಳಿದೆ. "ಹೋದಷ್ಟ ಹೋಗ್ಲಿ. ತುಂಬಿದ ಲೋಕಲ್ ರೈಲಿನ್ಯಾಗ ನಾವು ತೂರಿಕೊಂಡು ಹೋಗಂಗಿಲ್ಲೇನು?" ಎಂದರು.

ಈ ಫೆಬ್ರವರಿಯಲ್ಲಿ ಮಾಮಾ ತೀರಿಕೊಂಡರು. ಮಾರ್ಚಿಗೆ ಮರ ಎಂದಿನಂತೆ ಎಲೆ ಉದುರಿಸಿತು. ಏಪ್ರಿಲಿನಲ್ಲಿ ನೋಟಿಸ್ ಬಿತ್ತು: ಒಣಗಿದ ಸೀತಾಫಲ ಕಡಿಸಿ ಒಂದು ಕಾರಿಗೆ ಪಾರ್ಕಿಂಗ್ ಮಾಡಲು ಭಾನುವಾರ ಸಭೆ.

ಮರ ಒಣಗಿಲ್ಲವೆಂದು ಹೇಳುವವರು ಇಲ್ಲ. ನನಗೂ ಖಾತ್ರಿ ಇತ್ತೇ? ಬುಡದಲ್ಲಿ ಈ ಸಲ ಒಂದು ಬಿರುಕು ಕಂಡಿತ್ತು. ನೆರೂಳಿನ ಆಫೀಸಿನಿಂದ ವಾಚ್‌ಮನ್‌ಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ, ಮರ ಇದೆಯಾ ಎಂದು. "ಪೇಡ್ ಕಹಾಂ ಜಾಯೇಗಾ, ಸಾಬ್?" ಮರ ಎಲ್ಲಿಗೆ ಹೋದೀತು ಎಂದು ಆತ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ಮಾಮಾನೂ ಎಲ್ಲಿಗೂ ಹೋಗುವವರಲ್ಲ ಎಂದುಕೊಂಡಿದ್ದೆನಲ್ಲ!

ಸಭೆಯಲ್ಲಿ ಹೇಳಲು, ಎಲೆ ಉದುರಿದರೂ ಕಾಂಡ ಬಿಸಿಲುಂಡು ಬದುಕಿರುತ್ತದೆ ಎಂಬ ಮಾಮಾನ ಪಾಠವನ್ನೆಲ್ಲ ಮರಾಠಿಯಲ್ಲಿ ಬಾಯಿಪಾಠ ಮಾಡಿದ್ದೆ. ಎದ್ದು ನಿಂತಾಗ ಮೊದಲ ಸಾಲೇ ಮರೆತುಹೋಯಿತು. ಆಗ, ಯಾವ ಸಭೆಗೂ ಬಾರದಿದ್ದ ಅತ್ತೆ ಪಕ್ಕದಲ್ಲಿ ಎದ್ದರು.

"ಹಮಾರಾ ಪಾರ್ಕಿಂಗ್ ಲೇ ಲೋ. ಪೇಡ್ ಛೋಡ್ ದೋ."

ಮರ ಉಳಿಸಲು ನಮ್ಮ ಪಾರ್ಕಿಂಗ್ ಜಾಗವನ್ನೇ ಬಿಟ್ಟುಕೊಡುವುದೇ! ಪಾರ್ಕಿಂಗ್ ಜಾಗಕ್ಕಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಊರಿದು! ಸೆಕ್ರೆಟರಿ ಕಾಗದ ಮಡಚಿ, ಮೆಲ್ಲನೆ, "ರಹನೇ ದೋ, ಕಾಕೂ. ಬಾರಿಶ್ ತಕ್ ದೇಖತೇ ಹೈಂ," ಎಂದು ಮಳೆಗಾಲದವರೆಗೆ ವಾಯಿದೆ ಕೊಟ್ಟರು.

ಮೆಟ್ಟಿಲು ಹತ್ತುವಾಗ ಅತ್ತೆ ನನ್ನ ತೋಳು ಹಿಡಿದರು.

"ಮಳಿಗೆ ಚಿಗರತೈತಿಲ್ಲೋ? ಅವ್ರು ಹೇಳೂವಾಗ ನಾ ಲಕ್ಷ್ಯ ಕೊಡಲಿಲ್ಲ ನೋಡು."

"ಚಿಗರತೈತಿ, ಅತ್ತಿ," ಎಂದೆ. ನನಗೆ ಗೊತ್ತಿರಲಿಲ್ಲ. ಮೂರನೆಯ ಮಹಡಿಯವರೆಗೂ ಅವರು ಕೈ ಬಿಡಲಿಲ್ಲ.