ಬೆಲ್ಲದ ಮಂಡಿಗೆ ಇ-ಮೇಲ್ ಬಂದದ್ದು

ಬೆಲ್ಲದ ಮಂಡಿಯಲ್ಲಿ ಕೂತವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ನೊಣದ ಹಾಗೆ ಅದೇ ಬರುತ್ತದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾಂಡವಪುರದ ನಮ್ಮ ಮಂಡಿಯಿಂದ ವರ್ಷಾ ವರ್ಷ ಬೆಲ್ಲ ತರಿಸುತ್ತಿದ್ದ ಅಹಮದಾಬಾದಿನ ಸೇಠು ಒಂದು ದಿನ ಫೋನ್ ಮಾಡಿದ. ಇನ್ನು ಮೇಲೆ ರೇಟೆಲ್ಲ ಇ-ಮೇಲಿನಲ್ಲೇ ಬರಬೇಕು, ಶನಿವಾರದೊಳಗೆ ನಿಮ್ಮದು ಬರದಿದ್ದರೆ ಈ ಸಲದ ಮಾಲು ಕೆ.ಆರ್. ಪೇಟೆಯಿಂದ ಎಂದ. ಅಲ್ಲಿನ ಮಂಡಿಯವನು ಆಗಲೇ ಬಣ್ಣದ ಕಂಪ್ಯೂಟರ್ ತಂದು ಕೂತಿದ್ದ. ಸೇಠು ಕೈಬಿಟ್ಟರೆ ನಮ್ಮ ಅರ್ಧ ವ್ಯಾಪಾರ ಹೋದಂತೆ.

ಅರ್ಜಿ

ಶ್ರೀರಂಗಪಟ್ಟಣದಲ್ಲಿ ಮೇಷ್ಟರಾಗಿದ್ದ ನನ್ನ ಬಾಮೈದ ಯಾರೋ ಬಿಸಾಕಿದ ಹಳೇ ಲ್ಯಾಪ್‌ಟಾಪ್ ತಂದ. ತೆರೆದರೆ ಕಪ್ಪು ಪರದೆ, ಬಿಳಿ ಅಕ್ಷರ. ಚಿತ್ರವಿಲ್ಲ, ಮೌಸಿಲ್ಲ.

"ಭಾವ, ಚಿತ್ರ ತೋರ್ಸೋ ಶಕ್ತಿ ಇದ್ಕಿಲ್ಲ. ಏನಾಗ್ಬೇಕೋ ಬರ್ದು ಕೇಳ್ಬೇಕು. ಒಂದು ಚುಕ್ಕೆ ತಪ್ಪುದ್ರೂ ಆಗಲ್ಲ ಅನ್ನುತ್ತೆ. ಯಾಕೆ ಅಂತ ಮಾತ್ರ ಹೇಳಲ್ಲ."

"ತಾಲ್ಲೂಕು ಆಫೀಸಿಂದ ತಂದ್ಯೇನ್ಲಾ?" ಎಂದೆ.

ಟವೆಲ್ಲು

ಬರೆಯುವ ಕೆಲಸ ನಮ್ಮ ಗುಮಾಸ್ತನಿಗೆ ಬಿತ್ತು. ಆತ ಅಪ್ಪನ ಕಾಲದವನು. ಯಂತ್ರ ಶುರುವಾದ ಕೂಡಲೇ ಪಾಸ್‌ವರ್ಡ್ ಕೇಳುತ್ತಿತ್ತು. ಆತ ಒಂದೊಂದೇ ಕೀಲಿ ಹುಡುಕಿ ಒತ್ತಿದ. ಪರದೆಯ ಮೇಲೆ ಒಂದಕ್ಷರವೂ ಬೀಳಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಕೊನೆಗೆ, "ಇಂಕು ಖಾಲಿ ಆಗ್ಬುಟ್ಟದೆ ಯಜಮಾನ್ರೆ" ಎಂದ.

ಪಕ್ಕದವರಿಗೆ ಗೊತ್ತಾಗದಿರಲಿ ಅಂತ ಯಂತ್ರವೇ ಅದನ್ನು ಮುಚ್ಚಿಡುತ್ತದೆ ಎಂದು ಬಾಮೈದ ತಿಳಿಹೇಳಿದ. ಗುಮಾಸ್ತನಿಗೆ ತಟ್ಟನೆ ಅರ್ಥವಾಯಿತು. ಮಂಡಿಯಲ್ಲಿ ನಾವು ರೇಟನ್ನು ಬಾಯಿಬಿಟ್ಟು ಹೇಳುವವರಲ್ಲ. ಟವೆಲ್ಲಿನಡಿ ಬೆರಳು ಹಿಡಿದು ತಿಳಿಸುವವರು.

ಮಾರನೇ ದಿನ ನೋಡಿದರೆ ಆತ ಕೀಲಿಗಳ ಮೇಲೆ ಟವೆಲ್ ಹೊದಿಸಿ, ಒಳಗೆ ಕೈಬಿಟ್ಟು ತಡಕಾಡುತ್ತಿದ್ದ. ಯಂತ್ರ ಆಗಲ್ಲ ಅನ್ನುತ್ತಲೇ ಇತ್ತು. ಏನಂತೆ ಎಂದು ಕೇಳಿದೆ.

"ಒಪ್ತಾ ಇಲ್ಲ. ಚೌಕಾಸಿ ಮಾಡ್ತಾ ಅದೆ."

ಅಮ್ಮನ ಫೋನು

ಟವೆಲ್ ತೆಗೆಸಿದ್ದಾಯಿತು. ಮುಂದಿನದು ಫೋನು, ಆಗ ಇ-ಮೇಲ್ ಹೋಗುತ್ತಿದ್ದದ್ದು ಅದರ ತಂತಿಯಲ್ಲೇ. ಮಂಡಿಯ ಫೋನಿಗೂ ಹಿಂದಿನ ನಮ್ಮ ಮನೆಯ ಫೋನಿಗೂ ಒಂದೇ ಲೈನು. ಯಂತ್ರ ಮೈಸೂರಿನ ನಂಬರಿಗೆ ಫೋನ್ ಹಚ್ಚಿ, ಕಿರ್ ಎಂದು ಕಿರುಚಿ, ಇನ್ನೇನು ಸೇರಿತು ಅನ್ನುವಾಗ ಮನೆಯಲ್ಲಿ ಅಮ್ಮ ರಿಸೀವರ್ ಎತ್ತುವರು. ನಾಗಮಂಗಲದಲ್ಲಿರುವ ನನ್ನ ಅಕ್ಕನ ಜತೆ ಅವರು ಮಾತಾಡುವ ಹೊತ್ತು ಅದೇ.

"ಯಾವನ್ಲಾ ಅದು, ಫೋನೊಳಗೆ ಕಡ್ಲೆ ಉರೀತಿರೋನು?"

ಲೈನ್ ಹೋಯಿತು ಎಂದು ಪರದೆಯಲ್ಲಿ ಮೂಡುತ್ತಿತ್ತು. ಬುದ್ಧಿ ಹೇಳಿದರೆ ಕೇಳುವವರಲ್ಲ. ಶುಕ್ರವಾರ ಬೆಳಿಗ್ಗೆ ಅವರನ್ನೇ ನಾಗಮಂಗಲದ ಬಸ್ಸು ಹತ್ತಿಸಿದೆ. ಆವತ್ತೇ ಸಂಜೆ ಅಕ್ಕನ ಗಂಡ, ನಮ್ಮ ಭಾವ, ಬೆಳ್ಳೂರಿನಿಂದ ನಾಗಮಂಗಲದ ಮೇಲೆ ಬರುವ ಲಾರಿಯವನ ಕೈಲಿ ಹೇಳಿಕಳಿಸಿದರು: ನಿಮ್ಮ ಫೋನು ಮಧ್ಯಾಹ್ನದಿಂದ ಬರೀ ಎಂಗೇಜು, ಅತ್ತೆ ಬೈಯ್ತಾವ್ರೆ.

ಇಂಟರ್ನೆಟ್ ಬಂತು ಅಂತ ನಮಗೆ ಖಾತ್ರಿಯಾದದ್ದು ಹಾಗೆ.

ಶನಿವಾರ

ಬಾಮೈದನಿಗೆ ಆವತ್ತು ಶಾಲೆ. ಏನೇನು ಒತ್ತಬೇಕೆಂದು ಬರೆದುಕೊಟ್ಟು ಹೋಗಿದ್ದ. ನನಗೆ ಚಿನಕುರಳಿಯ ಆಲೆಮನೆಯಲ್ಲಿ ಕೆಲಸವಿತ್ತು. ಹೊರಡುವಾಗ ವಾಡಿಕೆಯಂತೆ ಟವೆಲ್ಲಿನಡಿ ಗುಮಾಸ್ತನ ಬೆರಳು ಹಿಡಿದು ರೇಟು ತಿಳಿಸಿ, ಮೇಲ್ ಕಳಿಸು ಎಂದೆ.

ನಾನು ವಾಪಸ್ ಬರುವ ಹೊತ್ತಿಗೆ ಸೇಠಿನ ಫೋನು. ಮೇಲ್ ಬಂದಿದೆ, ಕ್ಷೇಮಸಮಾಚಾರ ಇದೆ, ಬೆಲ್ಲದ ಬಣ್ಣ ಇದೆ, ರೇಟೆಲ್ಲಿ?

ರಿಸೀವರಿಗೆ ಕೈ ಅಡ್ಡ ಹಿಡಿದು, ರೇಟು ಯಾಕೆ ಬರೆಯಲಿಲ್ಲ ಎಂದು ಗುಮಾಸ್ತನನ್ನು ಕೇಳಿದೆ. ಆತನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು.

"ಟವೆಲ್ ಒಳಗೆ ಏಳಿದ್ ರೇಟ್ನ ಬಯಲಲ್ಲಿ ಬರ್ಯಕಾಯ್ತದಾ ಯಜಮಾನ್ರೆ?"

ಅಷ್ಟರಲ್ಲಿ ಸೇಠು ನನ್ನನ್ನು ಅದುಮಲೆಂದು, ಕೆ.ಆರ್. ಪೇಟೆಯವರು ಇಷ್ಟಕ್ಕೆ ಬರೆದಿದ್ದಾರೆ ಎಂದು ಅವರ ರೇಟನ್ನು ಓದಿಯೇ ಬಿಟ್ಟ. ನಾನು ಕೊಂಚ ಕೆಮ್ಮಿ, ನಮ್ಮದು ಅದಕ್ಕಿಂತ ಚೂರು ಕಡಿಮೆ ಎಂದೆ. ನಿಜವಾಗಿ ನಾನು ಬೆಳಿಗ್ಗೆ ಗುಮಾಸ್ತನಿಗೆ ತಿಳಿಸಿದ್ದ ರೇಟಿಗಿಂತ ಅದು ಜಾಸ್ತಿಯೇ ಇತ್ತು. ಮಾಲು ನಮ್ಮದಾಯಿತು.

ಕೆ.ಆರ್. ಪೇಟೆಯವನು ತಡೆಯಲಾರದೆ ಬಸ್ಸು ಹತ್ತಿ ಬಂದೇಬಿಟ್ಟ. "ಎಂಥ ಕಂಪ್ಯೂಟರ್ ಮಡಗಿದ್ದೀಯಲಾ?" ಎಂದ.

"ಅಳೇದು ಕಣ್ಲಾ. ಮ್ಯಾಲೊಂದು ಟವೆಲ್ ಆಕ್ಬೇಕು, ಅಷ್ಟೇಯ."

ಮುಂದಿನ ವಾರ ಅವನ ಮಂಡಿಗೆ ಹೋದರೆ, ಬಣ್ಣದ ಕಂಪ್ಯೂಟರು ಕೆಂಪಂಚಿನ ಹೊಸ ಟವೆಲ್ ಹೊದ್ದು ಕೂತಿತ್ತು.