ಮೊಡವೆ ಗುಳಿಗೊಂದು ತುಲನಾತ್ಮಕ ತಖ್ತೆ

ಮನುಷ್ಯನ ಮುಖ ಅವನದೇ ಆದರೂ ಅದನ್ನು ದಿನವಿಡೀ ನೋಡುವ ಕಷ್ಟ ಮಾತ್ರ ಉಳಿದವರದು. ಅವನಿಗೆ ಅದು ಕಾಣುವುದು ಬೆಳಿಗ್ಗೆ ಗಡ್ಡ ಹೆರೆಯುವ ಐದು ನಿಮಿಷ. ಆಮೇಲೆ ಹೇಗಿದೆಯೋ ಏನೋ ಎಂಬ ಯೋಚನೆಯಿಲ್ಲದೆ ಊರೆಲ್ಲ ತಿರುಗಿ ಬರಬಹುದು. ದೇವರು ಈ ಅನುಕೂಲವನ್ನು ವಿಚಾರ ಮಾಡಿಯೇ ಇಟ್ಟಿರಬೇಕು. ನನಗೆ ಮಾತ್ರ ಆ ಐದು ನಿಮಿಷವೇ ಭಾರವಾಗುತ್ತಿತ್ತು. ಹದಿನಾರನೆಯ ವಯಸ್ಸಿಗೆ ನನ್ನ ಮುಖಕ್ಕೆ ಬಂದ ಮೊಡವೆಗಳು ಇಪ್ಪತ್ತೆರಡಕ್ಕೆ ಹೊರಟುಹೋದವು. ಹೋಗುವಾಗ ಒಂದೊಂದೂ ತಾನಿದ್ದ ಜಾಗದಲ್ಲಿ ಒಂದು ಗುಳಿ ತೋಡಿಟ್ಟು ಹೋಯಿತು. ಎಲ್ಲ ತಪ್ಪನ್ನೂ ಮೊಡವೆಯ ಮೇಲೆ ಹೊರಿಸಲಾರೆ, ನನ್ನ ಉಗುರಿನ ಪಾಲೂ ಸಾಕಷ್ಟಿದೆ. ಪರೀಕ್ಷೆಗೆ ಓದುವಾಗ ಬಲಗೈ ಪುಸ್ತಕದ ಮೇಲೂ ಎಡಗೈ ಗಲ್ಲದ ಮೇಲೂ ಇರುತ್ತಿತ್ತು. ಓದಿದ್ದು ಮರೆತುಹೋಯಿತು, ಚಿವುಟಿದ್ದು ಉಳಿಯಿತು. ಸತ್ಯನಾರಾಯಣಪೇಟೆಯಲ್ಲಿ ನಾನಿದ್ದ ಬಾಡಿಗೆ ಕೋಣೆಯ ಹತ್ತಿರದ ಕ್ಷೌರದಂಗಡಿಯವನು ನನ್ನನ್ನು ಕಂಡೊಡನೆ ಕತ್ತಿಯನ್ನು ಎರಡು ಸಲ ಮಸೆಯುತ್ತಿದ್ದ. "ನಿಮ್ಮದು ಸಮಾಧಾನದ ಕೆಲಸ ರೀ, ಮೊದಲ ಉಳಿದವ್ರನ್ನ ಮುಗಿಸಿ ಕಳಿಸ್ತೀನಿ," ಎಂದು ಕೂರಿಸುತ್ತಿದ್ದ.

ಹೀಗೆ ನಾನೂ ನನ್ನ ಮುಖವೂ ಒಂದು ಬಗೆಯ ಒಪ್ಪಂದಕ್ಕೆ ಬಂದು ಬಳ್ಳಾರಿಯ ಕಾಲುವೆ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿ ಕಾಲ ಹಾಕುತ್ತಿರುವಾಗ ಸಿರುಗುಪ್ಪದಿಂದ ನನ್ನ ಅಕ್ಕನ ಕಾಗದ ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ಅಕ್ಕನನ್ನು ಕೊಟ್ಟದ್ದು ಸಿರುಗುಪ್ಪಕ್ಕೆ. ಅವಳ ಓಣಿಯಲ್ಲೇ ಒಬ್ಬ ಹೆಡ್ ಮಾಸ್ತರರು, ಅವರಿಗೆ ಗಿರಿಜಾ ಎಂಬ ಮಗಳು, ಮೆಟ್ರಿಕ್ ಪಾಸು. ಕಾಗದದೊಳಗೆ ಹುಡುಗಿಯ ಫೋಟೋ ಇತ್ತು. ಎರಡು ಜಡೆ, ನೆಟ್ಟಗಿನ ಮೂಗು, ಸುಳ್ಳು ಹೇಳಿದರೆ ನನಗೆ ಗೊತ್ತಾಗುತ್ತದೆ ಎನ್ನುವಂಥ ನೋಟ. ನನಗೆ ಬಹಳ ಹಿಡಿಸಿತು. ಮೂರು ದಿನ ಫೋಟೋ ನನ್ನ ಅಂಗಿಯ ಜೇಬಿನಲ್ಲೇ ಇತ್ತೆಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ. ಕಾಗದದ ಕೊನೆಯಲ್ಲಿ ಅಕ್ಕ, "ನಿನ್ನದೂ ಒಂದು ಫೋಟೋ ತೆಗೆಸಿ ಕಳಿಸು, ಚೆನ್ನಾಗಿ ತೆಗೆಸು," ಎಂದು ಬರೆದು 'ಚೆನ್ನಾಗಿ' ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದಳು. ಒಡಹುಟ್ಟಿದವಳಲ್ಲವೇ, ನನ್ನ ಮುಖದ ಪರಿಸ್ಥಿತಿ ಅವಳಿಗೆ ಗೊತ್ತಿತ್ತು.

ಬೆಂಗಳೂರು ರಸ್ತೆಯಲ್ಲಿ ಬಾಷಾ ಸಾಬ್ ಎಂಬವರ ಸ್ಟುಡಿಯೋಕ್ಕೆ ಹೋದೆ. ಅವರು ನನ್ನನ್ನು ಬೆಳಕಿಗೆ ತಿರುಗಿಸಿ, ನೆರಳಿಗೆ ತಿರುಗಿಸಿ, "ಫಿಕರ್ ಮಾಡಬ್ಯಾಡ್ರಿ ಸಾರ್, ನನ್ನ ಪೆನ್ಸಿಲ್ ಐತಿ," ಎಂದರು. ಆ ಕಾಲದ ಫೋಟೋದವರು ನೆಗೆಟಿವ್ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ತಿದ್ದುತ್ತಿದ್ದರು. ಮುಖದಲ್ಲಿ ಕಲೆಯಿದ್ದ ಕಡೆ ಒಂದೊಂದು ಚುಕ್ಕಿ ತುಂಬಿದರೆ ಚಿತ್ರದಲ್ಲಿ ಅದು ಮಾಯ. ಮದುವೆಗೆ ಕಳಿಸುವ ಫೋಟೋ ಎಂದರೆ ಹೇಳದೆಯೇ ತಿದ್ದುವುದು ಪದ್ಧತಿ. ಬಾಷಾ ಸಾಬರು ನನ್ನ ಮೇಲೆ ಎರಡು ದಿನ ದುಡಿದರು. ಚಿತ್ರ ಕೈಗೆ ಬಂದಾಗ ನಾನು ಬೇರೆಯವರ ಫೋಟೋ ಕೊಟ್ಟಿರೆಂದು ವಾಪಸು ಕೊಡಲು ಹೋಗಿದ್ದೆ. ಆಮೇಲೆ ಅಂಗಿಯ ಗುರುತು ಹತ್ತಿತು. ಒಂದು ಗುಳಿಯಿಲ್ಲ, ಒಂದು ಗೆರೆಯಿಲ್ಲ. ಸಂತೋಷದಿಂದ ಸಿರುಗುಪ್ಪಕ್ಕೆ ಅಂಚೆಯಲ್ಲಿ ಹಾಕಿದೆ. ಹದಿನೈದು ದಿನಕ್ಕೆ ಅಕ್ಕನ ಉತ್ತರ: ಫೋಟೋ ಎಲ್ಲರಿಗೂ ಮೆಚ್ಚುಗೆಯಾಗಿದೆ, ಬರುವ ತಿಂಗಳ ಎರಡನೇ ಭಾನುವಾರ ಹುಡುಗಿ ನೋಡಲು ಬಾ.

ಲೆಕ್ಕ ತಪ್ಪಿದ್ದು ಆಗ ಹೊಳೆಯಿತು. ಫೋಟೋ ಮುಂದೆ ಹೋಗಿಬಿಟ್ಟಿದೆ, ಈಗ ಮುಖ ಹೋಗಬೇಕು, ಎರಡಕ್ಕೂ ತಾಳಮೇಳವಿಲ್ಲ. ಉಳಿದದ್ದು ಐದು ವಾರ. ಅಷ್ಟರೊಳಗೆ ಮುಖವನ್ನು ಫೋಟೋದ ಮಟ್ಟಕ್ಕೆ ತರದಿದ್ದರೆ ಗಿರಿಜಾ ಜೇಬಿನಿಂದಾಚೆ ಬರುವ ಆಸೆ ಬಿಡಬೇಕಾಗಿತ್ತು.

ಊರಲ್ಲಿದ್ದ ಚರ್ಮದ ಡಾಕ್ಟರರ ಬಳಿಗೆ ಓಡಿದೆ. ಅವರು ಭೂತಗನ್ನಡಿ ಹಿಡಿದು ನೋಡಿ, "ಗುಳಿ ತುಂಬೋ ಔಷಧಿ ಯಾರ ಹತ್ರಾನೂ ಇಲ್ರಿ. ಸುತ್ತಲಿನ ಎತ್ತರ ಇಳಸಬೇಕು, ಅಷ್ಟ," ಎಂದರು. ಕಾಲುವೆ ಕಚೇರಿಯವನಾದ ನನಗೆ ಇದು ತಕ್ಷಣ ಅರ್ಥವಾಯಿತು. ನೆಲ ಮಟ್ಟ ಮಾಡುವ ಕೆಲಸ. ಎರಡು ದಾರಿ ಹೇಳಿದರು. ಮದರಾಸಿನಲ್ಲಿ ಗರಗರ ತಿರುಗುವ ಒಂದು ಬ್ರಷ್ಷಿನಿಂದ ಚರ್ಮದ ಮೇಲ್ಪದರವನ್ನು ಉಜ್ಜಿ ತೆಗೆಯುತ್ತಾರೆ; ಆಮೇಲೆ ಎರಡು ವಾರ ಮುಖವೆಲ್ಲ ಹಕ್ಕಳೆ, ಮೂರು ತಿಂಗಳು ಬಿಸಿಲಿಗೆ ಹೋಗುವಂತಿಲ್ಲ. ಇಲ್ಲವೇ ಒಂದು ಜಾತಿಯ ಆಸಿಡ್ ಸವರಿ ಸಿಪ್ಪೆ ಎಬ್ಬಿಸುತ್ತಾರೆ. ಉರಿ ತಡೆದುಕೊಳ್ಳಬೇಕು, ನಮ್ಮಂಥ ಕಪ್ಪು ಮೈಗೆ ಅಲ್ಲಲ್ಲಿ ಬಿಳಿ ಮಚ್ಚೆ ಉಳಿದರೂ ಉಳಿಯಬಹುದು. ಬಿಳಿ ಮಚ್ಚೆ ಎಂದೊಡನೆ ಕುರ್ಚಿಯಿಂದ ಎದ್ದೆ. ಗುಳಿಯವನಿಗೆ ಹೆಣ್ಣು ಕೊಡುವವರು ಯೋಚನೆ ಮಾಡಿಯಾರು; ತೊನ್ನು ಎಂಬ ಸುದ್ದಿ ಎದ್ದರೆ ನನ್ನ ಅಕ್ಕನ ಮನೆಯಲ್ಲಿ ನೀರು ಕುಡಿಯಲೂ ಜನ ಅನುಮಾನಿಸುತ್ತಿದ್ದರು. ಇನ್ನು ಬಿಸಿಲಿಗೆ ಹೋಗಬೇಡಿ ಎನ್ನುವುದನ್ನು ಬಳ್ಳಾರಿಯಲ್ಲಿ ಕೂತು ಹೇಳುವುದಕ್ಕೂ ಒಂದು ಧೈರ್ಯ ಬೇಕು. ಇಲ್ಲಿ ಬಿಸಿಲು ನಾವು ಹೋಗುವ ದಾರಿ ಕಾಯುವುದಿಲ್ಲ, ತಾನೇ ಕಿಟಕಿ ದಾಟಿ ಹಾಸಿಗೆಗೆ ಬರುತ್ತದೆ.

ಕಚೇರಿಯಲ್ಲಿ ನನ್ನ ಕೆಲಸವೇ ಟೆಂಡರುಗಳ ತುಲನಾತ್ಮಕ ತಖ್ತೆ ತಯಾರಿಸುವುದು. ತೂಬಿಗೊಂದು ಬಾಗಿಲು ಕೂರಿಸಬೇಕಾದರೂ ಕನಿಷ್ಠ ಮೂರು ಜನ ದರ ಬರೆದುಕೊಟ್ಟಿರಬೇಕು. ಅವರನ್ನು ಅಕ್ಕಪಕ್ಕ ಇಟ್ಟು, ಕೊನೆಯ ಕಾಲಮಿನಲ್ಲಿ ಷರಾ ಬರೆದು ಮೇಲಕ್ಕೆ ಕಳಿಸಬೇಕು. ಆ ಅಭ್ಯಾಸ ಬಿಡಲಿಲ್ಲ. ಒಂದು ಹಾಳೆಗೆ ಗೆರೆ ಹೊಡೆದು ವಿಧಾನ, ನೋವು, ರಜೆ, ಅಪಾಯ, ಷರಾ ಎಂದು ಕಾಲಮು ಮಾಡಿ ಬ್ರಷ್ಷು, ಆಸಿಡ್ಡು ಎರಡನ್ನೂ ಭರ್ತಿ ಮಾಡಿದೆ. ಮೂರನೆಯದು ಸಿಗದೆ ತಖ್ತೆ ಅಪೂರ್ಣವಾಗಿ ಉಳಿಯಿತು. ಅಪೂರ್ಣವಾದದ್ದನ್ನು ಜೋಪಾನ ಮಾಡುವ ಭರದಲ್ಲಿ ಕೈಗೆ ಸಿಕ್ಕ ಫೈಲಿನೊಳಗೆ ಇಟ್ಟೆ, ಅದು ಹಚ್ಚೊಳ್ಳಿ ಕಡೆಯ ಉಪಕಾಲುವೆ ದುರಸ್ತಿಯ ಫೈಲು. ಮರುದಿನ ಫೈಲು ಮೇಲ್ವಿಚಾರಕರಾದ ಆಚಾರ್ಯರ ಮೇಜಿನಿಂದ ಕೆಳಗೆ ಬಂತು. ನನ್ನ ಮುಖದ ತಖ್ತೆಯ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಚರ್ಚಿಸಿ' ಎಂದು ಬರೆದು ಸಹಿ ಹಾಕಿದ್ದರು.

ಹೋಗಿ ನಿಂತೆ. ಆಚಾರ್ಯರು ಕನ್ನಡಕ ಮೇಲೇರಿಸಿ ಹಾಳೆಯನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು. ಬೈಯುತ್ತಾರೆಂದುಕೊಂಡರೆ, "ಎರಡ ಅದಾವಲ್ಲೋ. ಮೂರನೇದು ಇಲ್ದ ನಾ ಹೆಂಗ ಸಹಿ ಮಾಡಲಿ? ಕುರುಗೋಡಿನ್ಯಾಗ ಒಬ್ಬ ವೈದ್ಯ ಅದಾನ, ನಮ್ಮ ಅತ್ತಿಗಿಗೆ ಸುಟ್ಟ ಕಲಿ ಹೋಗಿಸಿದ್ದ. ಅವನ್ನ ಕೇಳು," ಎಂದರು. ಹಾಳೆ ಮರಳಿಸುತ್ತ, "ರಜಾ ಅರ್ಜಿ ಕೊಟ್ಟು ಹೋಗು," ಎಂದೂ ಸೇರಿಸಿದರು.

ಕುರುಗೋಡಿನ ವೈದ್ಯ ಬೆಟ್ಟದ ಬುಡದ ಮನೆಯೊಂದರಲ್ಲಿ ಸಿಕ್ಕ. ನನ್ನ ಗಲ್ಲ ಮುಟ್ಟಿ ನೋಡಿ ಹಸಿರು ಪುಡಿಯ ಒಂದು ದೊಡ್ಡ ಪೊಟ್ಟಣ ಕೊಟ್ಟ. "ನೋವಿಲ್ಲ, ಉರಿ ಇಲ್ಲ. ದಿನಾ ಮುಂಜಾನಿ ಕತ್ತಿ ಹಾಲಿನ್ಯಾಗ ಕಲಸಿ ಹಚ್ಚಿಕೊಳ್ರಿ." ನೋವು ಇಲ್ಲ, ಅಪಾಯ ಇಲ್ಲ, ರಜೆ ಒಂದೇ ದಿನ, ತಖ್ತೆಯ ಪ್ರಕಾರ ಇದಕ್ಕೇ ಮಂಜೂರಾತಿ ಸಿಗಬೇಕು, ಸಿಕ್ಕಿತು. ನಮ್ಮ ಕಚೇರಿಯಲ್ಲಿ ಈ ನಿಯಮದಿಂದ ಕಟ್ಟಿದ ತೂಬುಗಳ ಗತಿ ಏನಾಗಿದೆಯೆಂದು ನನಗೆ ಅಷ್ಟುಹೊತ್ತಿಗೆ ನೆನಪಾಗಬೇಕಿತ್ತು. ಮರುದಿನದಿಂದ ಬೆಳಗಾದರೆ ಲೋಟ ಹಿಡಿದು ಓಣಿಯ ತುದಿಯಲ್ಲಿ ಕತ್ತೆ ಹಾಲಿನವನ ದಾರಿ ಕಾಯುವುದು. ನಮ್ಮ ಕಡೆ ಎಳೆಗೂಸುಗಳಿಗೆ ಕತ್ತೆ ಹಾಲು ಕುಡಿಸುವುದುಂಟು. ಅವನು ಹಾಲು ಹಿಂಡುತ್ತಾ, "ಕೂಸಿಗೆ ಎಷ್ಟು ತಿಂಗಳ್ರಿ?" ಎಂದು ಕೇಳಿದ. ಇಪ್ಪತ್ತಾರು ವರ್ಷ ಎನ್ನಲಾರದೆ ಮೂರು ತಿಂಗಳು ಎಂದೆ. ಅದರಿಂದ ಇಡೀ ಸತ್ಯನಾರಾಯಣಪೇಟೆಯಲ್ಲಿ ಮದುವೆಯಾಗದ ನನಗೆ ಮೂರು ತಿಂಗಳ ಕೂಸಿದೆ ಎಂಬ ಸುದ್ದಿ ಹರಡಿ, ಮನೆಯ ಮಾಲೀಕರು ಕೋಣೆಯೊಳಗೆ ಬಂದು ಮಂಚದ ಕೆಳಗೆ ಬಗ್ಗಿ ನೋಡಿ ಹೋದರು.

ನಾಲ್ಕು ವಾರ ಹಚ್ಚಿದೆ. ಫಲ ಸಿಗಲಿಲ್ಲವೆಂದರೆ ಸುಳ್ಳಾಗುತ್ತದೆ. ಗುಳಿಯಿಲ್ಲದ ಚರ್ಮವೆಲ್ಲ ತೊಳೆದಿಟ್ಟಂತೆ ಹೊಳೆಯತೊಡಗಿತು, ಇದರಿಂದ ಗುಳಿಗಳು ಹಿಂದೆಂದಿಗಿಂತ ಸ್ಪಷ್ಟವಾಗಿ ಕಂಡವು. ಆ ಮುಖವನ್ನೇ ಹೊತ್ತು ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬಸ್ಸು ಕೆಡಲಿ ಎಂದು ಬೇಡಿಕೊಂಡೆ. ದಿನಾ ಕೆಡುವ ಬಸ್ಸು ಅವತ್ತು ಹತ್ತು ನಿಮಿಷ ಮುಂಚೆ ತಲುಪಿತು.

ಅಕ್ಕನ ಜೊತೆ ಹೆಡ್ ಮಾಸ್ತರರ ಪಡಸಾಲೆಯಲ್ಲಿ ಕೂತೆ. ಅವರು ಬಂದು ನಮಸ್ಕಾರ ಹೇಳಿ, ನನ್ನನ್ನು ದಾಟಿ ಬಾಗಿಲ ಕಡೆ ನೋಡಿ, "ಹುಡುಗ ಮುಂದಿನ ಬಸ್ಸಿಗೆ ಬರ್ತಾನೇನವಾ?" ಎಂದು ಅಕ್ಕನನ್ನು ಕೇಳಿದರು.

"ಇವನ ರೀ ನನ್ನ ತಮ್ಮ," ಎಂದಳು ಅಕ್ಕ, ತಲೆ ತಗ್ಗಿಸಿ.

ಹೆಡ್ ಮಾಸ್ತರರು ಗೂಡಿನಿಂದ ಫೋಟೋ ತೆಗೆದು ನನ್ನ ಮುಖದ ಪಕ್ಕ ಹಿಡಿದರು. "ಹಂಗಾರ ಇದು ಯಾರದು?"

ಬಾಯಿಗೆ ಬಂದದ್ದು ಹೊರಗೆ ಬಿತ್ತು. "ಮುಖ ನಂದ ರೀ. ಚರ್ಮ ಮಾತ್ರ ಬಾಷಾ ಸಾಬ್‌ದು."

ಒಳಗೆ ಏನೋ ಸದ್ದಾಯಿತು, ಯಾರೋ ಕೆಮ್ಮಿದರೆಂದುಕೊಂಡೆ. ಹೆಡ್ ಮಾಸ್ತರರು ನಗಲಿಲ್ಲ. ಹೆಗಲ ಮೇಲಿನ ಟವೆಲು ಸರಿ ಮಾಡಿಕೊಂಡು ಎದ್ದು ನಿಂತರು. ಮೂವತ್ತು ವರ್ಷ ಹುಡುಗರ ನಕಲು ಹಿಡಿದವರು ಹೇಗೆ ನಿಲ್ಲುತ್ತಾರೋ ಹಾಗೆ. ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೇನೆಂದು ಕಣ್ಣಿನಲ್ಲೇ ಹುಡುಕಿದೆ. ಅಷ್ಟರಲ್ಲಿ ಅವರ ತಾಯಿ ಗೌರಜ್ಜಿ ಗೋಡೆ ಹಿಡಿದುಕೊಂಡು ಅಡಿಗೆ ಮನೆಯಿಂದ ಬಂದರು. ಅವರ ಮುಖದ ತುಂಬ ಸಣ್ಣಂದಿನ ಸಿಡುಬಿನ ಕಲೆಗಳಿದ್ದವು. ನೇರ ನನ್ನ ಬಳಿಗೆ ಬಂದು, ಎರಡೂ ಗಲ್ಲದ ಮೇಲೆ ಕೈಯಾಡಿಸಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡರು.

"ತಾಯಿ ಬಂದು ಹೋದ ಮುಖ ಐತೆಪಾ ಇದು. ಆಕಿ ಮುಟ್ಟಿದ್ದನ್ನ ಅಳಿಸಿ ಫೋಟೋ ತೆಗಿಯಾಕ ಅವ ಯಾರು? ತಮ್ಮಾ, ಕೂಡ್ರು ನೀನು."

ತಮ್ಮ ಎಂದದ್ದು ಮಗನಿಗೆ. ಹೆಡ್ ಮಾಸ್ತರರು ಕೂತರು. ನಮ್ಮ ಕಡೆ ಸಿಡುಬಿಗೆ ತಾಯಿ ಎಂದೇ ಹೆಸರು. ಆಕೆಯ ಕಲೆಯನ್ನು ಹಳಿಯುವ ಧೈರ್ಯ ಓದಿದವರಿಗೂ ಇರಲಿಲ್ಲ. ಅವರು ಫೋಟೋ ಮಡಿಲಲ್ಲಿಟ್ಟುಕೊಂಡು ಕೈಮುಗಿದರು. ನನಗೆ ಸಿಡುಬು ಬಂದೇ ಇರಲಿಲ್ಲ. "ಅಜ್ಜೀ, ಇದು ತಾಯಿ ಅಲ್ಲ..." ಎಂದು ಶುರು ಮಾಡಿದೆ. ಅಕ್ಕ ನನ್ನ ಪಾದದ ಮೇಲೆ ತನ್ನ ಹಿಮ್ಮಡಿ ಊರಿದಳು, ಮಾತು ಅಲ್ಲಿಗೇ ನಿಂತಿತು. ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆ, ಮಿರ್ಚಿ ಬಂದವು. ತಟ್ಟೆ ತಂದವಳು ಗಿರಿಜಾ. ಎರಡು ತಿಂಗಳಿಗೆ ಮದುವೆಯಾಯಿತು.

ಹೊಟ್ಟೆಯಲ್ಲಿ ಮಾತ್ರ ಆ ಸುಳ್ಳು ಕರಗಲಿಲ್ಲ. ವರ್ಷಕ್ಕೊಮ್ಮೆ ಒಂದು ಮಂಗಳವಾರ ಗೌರಜ್ಜಿ ನನ್ನನ್ನು ಸಿರುಗುಪ್ಪಕ್ಕೆ ಕರೆಸಿ ತಾಯಿಯ ಗುಡಿಗೆ ಮೊಸರನ್ನದ ಎಡೆ ನನ್ನ ಕೈಯಲ್ಲೇ ಕೊಡಿಸುತ್ತಿದ್ದರು. ಬೇವಿನ ಸೊಪ್ಪು ಹಿಡಿದು ನಿಂತ ನನಗೆ ಮುಖವೆತ್ತಲು ಅಂಜಿಕೆ. ಬೇರೆ ಯಾರಿಗೆ ತಿಳಿಯದಿದ್ದರೂ ತಾನು ಈ ಗಲ್ಲಕ್ಕೆ ಬಂದೇ ಇಲ್ಲವೆಂದು ಆ ತಾಯಿಗೆ ಗೊತ್ತಲ್ಲ! ಏಳನೆಯ ವರ್ಷ ನಮ್ಮ ಐದು ವರ್ಷದ ಮಗಳು ಅಜ್ಜನ ಮನೆಯಲ್ಲೇ ಜ್ವರ ಬಂದು ಮಲಗಿದಳು, ಮೈತುಂಬ ನೀರು ಗುಳ್ಳೆ. ದೊಡ್ಡ ಸಿಡುಬು ಆ ಹೊತ್ತಿಗೆ ದೇಶ ಬಿಟ್ಟಿತ್ತು, ಇದು ಸೀತಾಳ ಸಿಡುಬು, ಹೆದರಬೇಡಿ ಎಂದು ಡಾಕ್ಟರು ಹೇಳಿದರು. ನಾನು ಹೆದರಿದೆ. ನನ್ನ ಸುಳ್ಳಿಗೆ ತಾಯಿ ಕೂಸಿನ ಮೈಮೇಲೆ ಬಂದಳೇನೋ ಎನಿಸಿತು. ಕೂಸಿಗೆ ಬೇವಿನೆಲೆ ಬೀಸುತ್ತ ಕೂತ ಗೌರಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಸಿಡುಬಲ್ಲ, ಮೊಡವೆ, ನಾನೇ ಚಿವುಟಿದ್ದು, ತಪ್ಪಾಯಿತು.

ಅಜ್ಜಿ ಬೀಸುವುದನ್ನು ನಿಲ್ಲಿಸಲಿಲ್ಲ. "ಎಪ್ಪತ್ತು ವರ್ಷ ಈ ಮುಖ ಹೊತ್ತೀನಿ. ಸಿಡುಬಿನ ಕಲಿ ಯಾವುದು, ಮೊಡವಿ ಕಲಿ ಯಾವುದು ನನಗ ತಿಳಿಯಂಗಿಲ್ಲೇನು?"

"ಮತ್ತ ಅವತ್ತು ಹಂಗ ಯಾಕ ಅಂದ್ರಿ, ಅಜ್ಜಿ?"

"ನಿನಕಿಂತ ಮೊದಲ ನಾಕು ಗಂಡು ಬಂದು ಹೋಗಿದ್ದವು. ಈ ಹುಡುಗಿ ಒಬ್ಬನಿಗೂ ಹಲ್ಲು ಬಿಟ್ಟಿದ್ದಿಲ್ಲ. ನೀ ಆ ಸಾಬನ ಮಾತು ಅಂದ ಕೂಡಲೇ ಅಡಿಗಿ ಮನ್ಯಾಗ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಿಮ್ಮ ಮಾವ ಎದ್ದು ನಿಂತಿದ್ದ. ಅವನ್ನ ಕೂಡ್ರಸಾಕ ತಾಯಿ ಹೆಸರು ಬಿಟ್ರ ನನ್ನ ಹತ್ರ ಮತ್ತೇನಿತ್ತಪಾ?"

"ತಾಯಿ ಸಿಟ್ಟಾಗಿಲ್ಲೇನ್ರಿ?"

"ಏಳು ವರ್ಷ ನಿನ್ನ ಕೈಯಿಂದ ಮೊಸರನ್ನ ಉಂಡಾಳ. ಆಕಿಗ್ಯಾಕ ಸಿಟ್ಟು? ಏಳು, ಕೂಸಿಗೆ ಎಳನೀರು ತಗೊಂಬಾ."

ಮಗಳು ವಾರದಲ್ಲಿ ಎದ್ದು ಆಡಿದಳು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು, ಇಳಿದ ಜಾಗಕ್ಕೆ ಜಂಬ ಬಂದು ಕೂತಿತು. ನನ್ನ ಮದುವೆ ಆದದ್ದು ಮುಖದಿಂದಲೂ ಅಲ್ಲ, ತಾಯಿಯಿಂದಲೂ ಅಲ್ಲ, ನನ್ನ ಒಂದು ಚಟಾಕಿಯಿಂದ! ಹಾಗಾದರೆ ನಾನು ಹುಟ್ಟಾ ಹಾಸ್ಯಗಾರ. ಬಳ್ಳಾರಿಗೆ ಬಂದದ್ದೇ ಶುರು ಹಚ್ಚಿಕೊಂಡೆ. ಊಟಕ್ಕೆ ಕೂತಾಗ ಒಂದು, ಎದ್ದಾಗ ಒಂದು, ಸಾರಿಗೆ ಉಪ್ಪು ಕಮ್ಮಿಯಾದರೆ ಎರಡು. ಗಿರಿಜಾ ಒಂದಕ್ಕೂ ನಗಲಿಲ್ಲ. ಫೋಟೋದಲ್ಲಿ ನೋಡಿದ್ದಳಲ್ಲ, ಅದೇ ನೋಟ. ಬಹುಶಃ ತಿಳಿಯುತ್ತಿಲ್ಲವೆಂದು ಬಿಡಿಸಿ ವಿವರಿಸಿದೆ. ಮಾತು ಚಿಕ್ಕದಾಯಿತೇನೋ ಎಂದು ಹಳೆಯ ತಖ್ತೆಯ ಕಥೆಯನ್ನೂ ಸೇರಿಸಿ ಉದ್ದ ಮಾಡಿದೆ. ಆರು ತಿಂಗಳು ಸಹಿಸಿದಳು. ಒಂದು ದಿನ ಕಾಳು ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟು ಹೇಳಿದಳು:

"ನಿಮ್ಮ ಮುಖಕ್ಕ ನಾ ಎಂದೋ ಹೊಂದಿಕೊಂಡೀನ್ರಿ. ಈ ಹಾಸ್ಯಕ್ಕ ಬ್ರಷ್ಷರ, ಆಸಿಡ್ಡರ, ಏನರ ಇದ್ರ ಮದ್ರಾಸಿಗೆ ಹೋಗಿ ಮಾಡಿಸಿಕೊಂಡು ಬರ್ರಿ. ಮೂರು ತಿಂಗಳು ಬಿಸಿಲಿಗೆ ಬರಲಿಲ್ಲಂದ್ರೂ ನಡೀತೈತಿ."

ಅಡಿಗೆ ಮನೆಯಲ್ಲಿ ಮಗಳು ನಕ್ಕಳು. ಮಾತು ನನ್ನದಲ್ಲವೆಂದು ಗೊತ್ತಿದ್ದರೂ ನಾನೂ ನಕ್ಕೆ. ಈ ಬರಹವನ್ನು ಗಿರಿಜಾಗೆ ಇನ್ನೂ ಓದಿ ಹೇಳಿಲ್ಲ.