ಟೈಲರನ ಹೊಟ್ಟೆಗೊಂದು ಸೂಜಿ

ಮೂವತ್ತು ವರ್ಷ ಊರವರ ಬಟ್ಟೆಗೆಲ್ಲ ಸೂಜಿ ಚುಚ್ಚಿದ್ದ ಟೈಲರನಿಗೆ ತನ್ನ ಹೊಟ್ಟೆಗೆ ಒಂದೇ ಒಂದು ಸೂಜಿ ಚುಚ್ಚಿಕೊಳ್ಳಲು ಧೈರ್ಯ ಬರಲಿಲ್ಲ. ಆ ದಿನದ ಫಜೀತಿಗೆಲ್ಲ ಅದೇ ಮೂಲ.

ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆ ವಿಳಾಸ ಹುಡುಕಿಕೊಂಡು ಬಂದು ಅವನ ಬಲಗೈಗೇ ವಕ್ಕರಿಸಿತ್ತು. ಬೆರಳುಗಳು ದಿನದಿನಕ್ಕೂ ಒಳಮಡಚಿಕೊಂಡು ಮುಷ್ಟಿಯಾಗುತ್ತಿದ್ದವು. ವಾರಕ್ಕೊಂದು ಇಂಜೆಕ್ಷನ್ ತಾನೇ ಹಾಕಿಕೊಳ್ಳಬೇಕು. ಮೊದಲನೆಯದು ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಹೋಗದಿದ್ದರೆ ಮುಷ್ಟಿ ಮತ್ತೆ ಬಿಚ್ಚುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕತ್ತರಿ ಹಿಡಿಯಲಾಗದ ಟೈಲರು ಇದ್ದರೆಷ್ಟು ಬಿಟ್ಟರೆಷ್ಟು ಎಂಬ ಭಯ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

"ನೋವಿಗೆ ಹೆದರಲ್ಲ ಕಣೇ," ಎಂದ ಹೆಂಡತಿಗೆ. "ಅದು ಮೈಯೊಳಗೆ ಹೋಗೋದನ್ನ ನೆನೆಸ್ಕೊಂಡ್ರೇ ತಲೆ ತಿರುಗುತ್ತೆ."

"ನಾನು ಹಾಕ್ಲಾ?"

"ನೀನು ಗುಂಡಿ ಹಾಕೋದನ್ನ ನೋಡಿದೀನಿ. ಬೇಡ."

"ಹಾಗಾದ್ರೆ ಮೊದಲು ಬೊಂಬೆ ಮೇಲೆ ಪ್ರಾಕ್ಟೀಸ್ ಮಾಡಿ."

ಬೊಂಬೆ ಅವನ ಹೊಲಿಗೆಯಂಗಡಿಯ ಕನ್ನಡಿಯ ಪಕ್ಕ ನಿಂತಿತ್ತು. ಹತ್ತಿ ತುಂಬಿದ ಹೊಟ್ಟೆ, ಮರದ ಕೈ. ಊರುಗೋಲು ಹಿಡಿಸಲೆಂದು ಬಡಗಿ ಅದರ ಬಲಗೈಯನ್ನು ಮುಷ್ಟಿಯಾಗಿಯೇ ಕೆತ್ತಿದ್ದ. ಕೋಲು ಎಂದೋ ಕಳೆದು ಮುಷ್ಟಿ ಉಳಿದಿತ್ತು. ಅದರ ಅಳತೆಯೂ ಟೈಲರನ ಅಳತೆಯೂ ಒಂದೇ. ಮೈಮೇಲಿದ್ದುದೂ ಅವನದೇ ಹಳೆಯ ಅಂಗಿ.

ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಂತೆ ಬೊಂಬೆಯ ಅಂಗಿ ಸರಿಸಿ, ಹೊಟ್ಟೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ, ಹೊಲಿಗೆಯ ಸೂಜಿ ಚುಚ್ಚಿದ. ಅವನ ಹೊಟ್ಟೆ ಚುರ್ರೆಂದಿತು. ತನ್ನ ಅಂಗಿ ಎತ್ತಿ ನೋಡಿದರೆ ಹೊಕ್ಕುಳ ಪಕ್ಕ ಸಾಸಿವೆಯಷ್ಟು ರಕ್ತ. ಬೊಂಬೆಯ ಮುಖದಲ್ಲಿ ಯಾವ ಭಾವವೂ ಇರಲಿಲ್ಲ, ಏಕೆಂದರೆ ಅದಕ್ಕೆ ಮುಖವನ್ನೇ ಬಿಡಿಸಿರಲಿಲ್ಲ.

ಅವನ ಕೂಗಿಗೆ ಪಕ್ಕದ ಕ್ಷೌರದಂಗಡಿಯವನು ನೊರೆಯ ಬ್ರಷ್ ಹಿಡಿದೇ ಓಡಿ ಬಂದ. ಮಹಡಿಯಿಂದ ರಿಟೈರಾದ ಕಾಂಪೌಂಡರು ಇಳಿದು ಬಂದರು.

"ಎಲ್ಲ ಮನಸ್ಸಿನ ಭ್ರಮೆ," ಎಂದು ಕಾಂಪೌಂಡರು ಟೈಲರನನ್ನು ಬೀದಿಯ ಕಡೆ ತಿರುಗಿಸಿ ನಿಲ್ಲಿಸಿದರು. ಕ್ಷೌರದವನು ಸದ್ದಿಲ್ಲದೆ ಅದೇ ಸೂಜಿಯನ್ನು ಬೊಂಬೆಯ ಬೆನ್ನಿಗೆ ಚುಚ್ಚಿದ. ಟೈಲರ್ ಹೌಹಾರಿ ಬೆನ್ನು ತಿಕ್ಕಿಕೊಂಡ. ಕ್ಷೌರದವನ ಬ್ರಷ್ಷಿನ ನೊರೆ ನೆಲಕ್ಕೆ ತೊಟ್ಟಿಕ್ಕಿತು.

"ಒಳ್ಳೇದೇ ಆಯ್ತಲ್ಲಣ್ಣ," ಎಂದ ಅವನು. "ನೋವು ಬರೋ ದಾರೀಲೇ ಔಷಧಿನೂ ಬರುತ್ತೆ. ಅದಕ್ಕೆ ಹಾಕು, ನಿನಗೆ ಹತ್ತುತ್ತೆ."

ಕಾಂಪೌಂಡರು ತಲೆ ಕೆರೆದುಕೊಂಡರು. "ಹೀಗೆ ಎಲ್ಲೂ ಓದಿಲ್ಲ. ಆದ್ರೆ ರಕ್ತಾನೇ ಬಂದ ಮೇಲೆ ಔಷಧಿಗೇನು ಅಡ್ಡಿ?"

"ಮೂವರಿಗೂ ತಲೆ ಕೆಟ್ಟಿದೆ," ಎಂದಳು ಹೆಂಡತಿ. ಆದರೆ ಗಡಿಯಾರದಲ್ಲಿ ಹನ್ನೆರಡಕ್ಕೆ ಐದೇ ನಿಮಿಷವಿತ್ತು.

ಟೈಲರ್ ಔಷಧಿಯ ಸೂಜಿಯನ್ನು ಬೊಂಬೆಯ ಹೊಟ್ಟೆಗೆ ಇಳಿಸಿ, ಕಣ್ಣು ಮುಚ್ಚಿ ಹತ್ತು ಎಣಿಸಿದ. ಅವನ ಹೊಟ್ಟೆ ಬೆಂಕಿ ಬಿದ್ದಂತೆ ಉರಿಯಿತು. ಸಿರಿಂಜು ಖಾಲಿಯಾಗಿತ್ತು, ಹತ್ತಿ ಮಾತ್ರ ಒಂದು ಹನಿಯಷ್ಟೂ ಒದ್ದೆಯಾಗಿರಲಿಲ್ಲ. ಔಷಧಿ ಎಲ್ಲಿಗೋ ಹೋಗಿದ್ದಂತೂ ನಿಜ. ಟೈಲರನಿಗೆ ಹೋದ ಜೀವ ಬಂದಂತಾಯಿತು.

ಕಾಂಪೌಂಡರು ಅವನ ನಾಡಿ ಹಿಡಿದು ನೋಡಿ ತಲೆಯಾಡಿಸಿದರು. ಖಾತ್ರಿಗೆಂದು ಬೊಂಬೆಯ ಮಣಿಕಟ್ಟನ್ನೂ ಹಿಡಿದರು. ತಟ್ಟನೆ ಬಿಟ್ಟು, ಮೇಲೆ ಹಾಲು ಉಕ್ಕುತ್ತಿದೆ ಎಂದು ಮೆಟ್ಟಿಲು ಹತ್ತಿದವರು ಮತ್ತೆ ಇಳಿಯಲಿಲ್ಲ. ಕ್ಷೌರದವನಿಗೂ ಅರ್ಧಂಬರ್ಧ ಬೋಳಿಸಿ ಬಿಟ್ಟ ಗಿರಾಕಿಯ ನೆನಪಾಯಿತು.

ನಾಲ್ಕು ಗಂಟೆಗೆ ಟೈಲರ್ ಆಸೆಯಿಂದ ಕತ್ತರಿ ಎತ್ತಿಕೊಳ್ಳಹೋದ. ಹೆಬ್ಬೆರಳು ಅಲುಗಲಿಲ್ಲ. ಬೆಳಿಗ್ಗೆ ಅಷ್ಟಿಷ್ಟು ಆಡುತ್ತಿದ್ದ ಎರಡು ಬೆರಳೂ ಮಡಚಿಕೊಂಡು, ಕೈ ಬಿಗಿದ ಮುಷ್ಟಿಯಾಗಿತ್ತು. ಅಳು ನುಗ್ಗಿ ಬಂತು.

"ನೋವು ಮಾತ್ರ ನನಗೆ ಬಂತು ಕಣೇ. ಔಷಧಿ ಎಲ್ಲಿ ಹೋಯ್ತು?"

ಹೆಂಡತಿ ಅವನನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಕನ್ನಡಿಯ ಮೇಲಿತ್ತು.

"ರೀ," ಎಂದಳು ಮೆಲ್ಲಗೆ, "ಮುಂದಿನ ಸೂಜಿ ಯಾವತ್ತು?"

"ಇನ್ನೂ ಒಂದು ವಾರ ಇದೆ. ಯಾಕೆ?"

ಅವಳು ಬೆರಳು ಮಾಡಿ ತೋರಿಸಿದಳು. ಬೊಂಬೆಯ ಮುಷ್ಟಿ ಬಿಚ್ಚಿತ್ತು. ಅದು ಆಗಲೇ ಅಂಗಿ ಸರಿಸಿಕೊಂಡು, ನರ್ಸಮ್ಮ ಹೇಳಿಕೊಟ್ಟ ಹಾಗೆಯೇ, ಹೊಟ್ಟೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ನಿಂತಿತ್ತು.